ಮಸೆಯುವ ಕಲ್ಲು ಎಂದು ನಾನು ಹೇಳಿದ್ದು

ಶಾಲಾ ಮಕ್ಕಳಿಗಾಗಿ ತಯಾರಾಗುತ್ತಿದ್ದ ಭೂವಿಜ್ಞಾನದ ಪದಕೋಶಕ್ಕೆ ಕೆಲವು ವಿವರಣೆಗಳನ್ನು ಬರೆದುಕೊಡಲು ನನಗೆ ಹೇಳಿದ್ದರು. ನಿವೃತ್ತ ವಿಜ್ಞಾನ ಮಾಷ್ಟ್ರಿಗೆ ಪುರುಸೊತ್ತು ಇರುತ್ತದೆ ಎಂದು ಎಣಿಸಿರಬೇಕು. ಬಂಟ್ವಾಳದ ಮನೆಯಲ್ಲಿ ಕೂತು ಒಂದೊಂದೇ ಪದ ಮುಗಿಸುತ್ತಾ ‘ಮೊಲಾಸ್’ಗೆ ಬಂದೆ. ಹೊಸದಾಗಿ ಮೇಲೇಳುವ ಬೆಟ್ಟಸಾಲಿನಿಂದ ಸವೆದು ಬಂದ ಮರಳು ತಪ್ಪಲಲ್ಲಿ ತುಂಬಿ ಆದ ಮೆದು ಮರಳುಗಲ್ಲು. ಪದ ಸ್ವಿಟ್ಜರ್ಲೆಂಡಿನ ಫ್ರೆಂಚ್ ಮಾತಾಡುವವರ ಕಡೆಯದು. ಮೂಲದ ಬಗ್ಗೆ ಒಮ್ಮತವಿಲ್ಲ. ‘ಮೆದು’ ಎಂಬ ಅರ್ಥದ ಮಾತಿನಿಂದ ಬಂತು ಎಂದು ಕೆಲವರು. ಬೀಸುವ, ಮಸೆಯುವ ಕಲ್ಲಿನ ಹೆಸರಿನಿಂದ ಬಂತು, ಮೆದುತನ ಆಮೇಲೆ ಸೇರಿಕೊಂಡಿತು ಎಂದು ಇನ್ನು ಕೆಲವರು.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ಒಂದು ವಾಕ್ಯ ಸೇರಿಸಿದೆ: ‘ನಮ್ಮ ಕಡೆ ಕತ್ತಿ ಮಸೆಯುವ ಕಲ್ಲೂ ಇಂಥ ಮೆದು ಮರಳುಗಲ್ಲೇ.’

ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ, ಕಣ್ಣಾರೆ ಕಂಡಿದ್ದೆ. ಮೊದಲ ಕೆಲಸ ಬೆಳ್ತಂಗಡಿ ಕಡೆಯ ಒಂದು ಶಾಲೆಯಲ್ಲಿ. ಬಾಡಿಗೆ ಕೋಣೆಯ ಪಕ್ಕದಲ್ಲೇ ಮರ ಹತ್ತಿ ಕಳ್ಳು ಇಳಿಸುವ ಮೂರ್ತೆಯವರೊಬ್ಬರ ಮನೆ. ನಾನು ಹಲ್ಲುಜ್ಜುವ ಹೊತ್ತಿಗೆ ಅವರು ಅಂಗಳದಲ್ಲಿ ಕೂತು ಅಗಲದ ಕತ್ತಿಯನ್ನು ಮಸೆಯುತ್ತಿದ್ದರು. ನಡುವೆ ತಗ್ಗುಬಿದ್ದ ಬೂದುಬಿಳುಪಿನ ಕಲ್ಲು. ನನ್ನ ಅಡುಗೆಯ ಚೂರಿಯನ್ನೂ ಕೇಳದೆಯೇ ಮಸೆದು ಕಿಟಕಿಯಲ್ಲಿಟ್ಟು ಹೋಗುತ್ತಿದ್ದರು. ಜ್ವರ ಬಂದ ವಾರ ಗಂಜಿಯೂ ಆ ಕಿಟಕಿಯಿಂದಲೇ ಬಂತು. ವಾರ ಎಂದು ಬರೆದೆ, ಮೂರು ದಿನ ಇದ್ದೀತು. ಜ್ವರ ನನಗಿತ್ತು, ಲೆಕ್ಕ ಇಟ್ಟವರು ಅವರ ಮನೆಯವರು.

ಶಿಲೆಗಳ ಪಾಠಕ್ಕೆ ತೋರಿಸಲು ಶಾಲೆಯಲ್ಲಿ ಒಂದು ತುಂಡೂ ಇರಲಿಲ್ಲ. ಸುತ್ತ ಎಲ್ಲಿ ನೋಡಿದರೂ ಮುರಕಲ್ಲು, ಅಂದರೆ ಜಂಬಿಟ್ಟಿಗೆ. ಹಾಗಾಗಿ ಮರಳುಗಲ್ಲಿಗೆ ಉದಾಹರಣೆಯಾಗಿ ಆ ಕಲ್ಲನ್ನು ಹೇಳಿದೆ. ಮುಂದೆ ಪ್ರತಿ ವರ್ಷವೂ ಹೇಳಿದೆ.

ಅಚ್ಚಿಗೆ ಕೊಡುವ ಮೊದಲು ನಿಜವಾದ ಮೆದು ಮರಳುಗಲ್ಲನ್ನು ಒಮ್ಮೆ ಮುಟ್ಟಿ ನೋಡುವ ಎನಿಸಿತು. ಮಿಜಾರಿನ ಕಾಲೇಜೊಂದರಲ್ಲಿ ಪಾಠ ಮಾಡುವ ನನ್ನ ಹಳೆಯ ವಿದ್ಯಾರ್ಥಿನಿಯ ಹತ್ತಿರ ಒಂದು ತುಂಡು ಇತ್ತು. ಕೊಲ್ಲಿ ದೇಶದಲ್ಲಿ ದುಡಿಯುವ ಅವಳ ಅಣ್ಣ ರಜೆಗೆ ಬರುವಾಗ ತಂದುಕೊಟ್ಟದ್ದು. ಇದು ಮೊಲಾಸ್ ಅಲ್ಲ, ಆದರೆ ಮೆದು ಎಂದರೆ ಏನೆಂದು ಗೊತ್ತಾಗುತ್ತದೆ ಎಂದಳು. ಉಗುರಿನಲ್ಲಿ ಗೀರಿದರೆ ಮರಳು ಉದುರಿತು. ಕರವಸ್ತ್ರದಲ್ಲಿ ಸುತ್ತಿಕೊಡುತ್ತಾ, “ಸರ್, ನಿಮ್ಮ ಮಸೆಯುವ ಕಲ್ಲಿನ ಪಾಠ ನಾನು ಮರೆತಿಲ್ಲ. ಕ್ಲಾಸಿನಲ್ಲಿ ಈಗಲೂ ಅದನ್ನೇ ಹೇಳ್ತೇನೆ” ಎಂದಳು.

ಸಂತೋಷವಾಗಬೇಕಿತ್ತು, ಹೆದರಿಕೆಯಾಯಿತು. ಉಗುರಿಗೆ ಉದುರುವ ಕಲ್ಲು ಆ ಕತ್ತಿಯನ್ನು ಅಷ್ಟು ವರ್ಷ ಹೇಗೆ ತಡೆದುಕೊಂಡಿತು? ನನ್ನ ನೆನಪು ಸುಳ್ಳಾದರೆ ಅದು ನನ್ನೊಬ್ಬನದಾಗಿ ಉಳಿದಿರಲಿಲ್ಲ. ಇವಳ ಬಾಯಿಗೆ ಬಂದಿತ್ತು, ಇನ್ನು ಅಚ್ಚಾಗಲಿತ್ತು.

ಮರುದಿನವೇ ಬೆಳ್ತಂಗಡಿ ಬಸ್ಸು ಹತ್ತಿದೆ. ಮೂರ್ತೆಯವರು ತೀರಿಕೊಂಡು ಬಹಳ ವರ್ಷಗಳಾಗಿವೆ. ಮನೆಯಲ್ಲಿ ಅವರ ಮಗಳು ಇದ್ದಾರೆ, ನನಗಿಂತ ನಾಲ್ಕೈದು ವರ್ಷ ದೊಡ್ಡವರು, ನಾನು ಅಕ್ಕ ಎಂದೇ ಕರೆಯುವುದು. ಬಂದ ಕಾರಣ ಹೇಳಿದೆ. ಅವರು ಒಳಗೆ ಹೋಗಿ ಅಪ್ಪನ ಕತ್ತಿಯ ಜೊತೆ ಅದನ್ನು ತಂದು ಜಗಲಿಯ ಮೇಲಿಟ್ಟರು. ಅದೇ ತಗ್ಗು, ಅದೇ ಬೂದುಬಿಳುಪು. ಎತ್ತಿದೆ. ಕಲ್ಲಿಗೆ ಇರಬೇಕಾದ ಭಾರ ಇರಲಿಲ್ಲ.

“ಇದು ಮರ ಮಾಷ್ಟ್ರೇ. ಮಸೆಯುವ ಹಲಗೆ,” ಎಂದರು. “ಎರಡು ವರ್ಷ ಹಲ್ಲುಜ್ಜಿಕೊಂಡು ನೀವು ನೋಡಿದ್ದು ಎಂತದ್ದು ಮಾರಾಯ್ರೆ?”

ಗುಡ್ಡದಿಂದ ಬೆಣಚುಕಲ್ಲು ಹೆಕ್ಕಿ ತಂದು, ಕುಟ್ಟಿ ಪುಡಿಮಾಡಿ, ಹಲಗೆಯ ಮೇಲೆ ಉದುರಿಸಿ ಕತ್ತಿ ಎಳೆಯುವುದಂತೆ. ಎಳೆದೆಳೆದು ಮರ ತಗ್ಗಾಗಿತ್ತು, ಪುಡಿ ಕೂತು ಬಿಳುಪಾಗಿತ್ತು. ಇದು ಇಲ್ಲಿ ಯಾರಿಗೂ ಗೊತ್ತಿಲ್ಲದ್ದಲ್ಲ. ಗೊತ್ತಿಲ್ಲದಿದ್ದದ್ದು ಪಾಠ ಹೇಳುತ್ತಿದ್ದವನಿಗೆ ಮಾತ್ರ.

ನಾನು ಕರವಸ್ತ್ರ ಬಿಚ್ಚಿ, ಮಸೆಯುವ ಕಲ್ಲು ಹೀಗಿದ್ದೀತು ಎಂದುಕೊಂಡಿದ್ದೆ ಎಂದೆ. ಅಕ್ಕ ತುಂಡನ್ನು ತಿರುಗಿಸಿ ನೋಡಿದರು. ಬೇಡ ಎನ್ನುವಷ್ಟರಲ್ಲಿ ಅದರ ಮೇಲೆ ಕತ್ತಿ ಎಳೆದರು. ಒಂದು ಮೂಲೆ ಉದುರಿ ಮಡಿಲಿಗೆ ಬಿತ್ತು.

“ಇದರಲ್ಲಿ ಮಸೆಯಲಿಕ್ಕೆ ಆಗುವುದಿಲ್ಲ. ಕತ್ತಿಯೇ ಇದನ್ನು ತಿಂತದೆ.”

ಆದರೆ ಬಿಸಾಡಲಿಲ್ಲ. ಉದುರಿದ್ದನ್ನು ಬೆರಳಲ್ಲಿ ತಿಕ್ಕಿ ನೋಡಿದರು, ಹಲಗೆಯ ಮೇಲೆ ಹರಡಿದರು, ಕತ್ತಿಯನ್ನು ಹತ್ತಿಪ್ಪತ್ತು ಸಲ ಆಚೀಚೆ ಎಳೆದರು. ತೆಂಗಿನ ಗರಿಯೊಂದನ್ನು ತಾಗಿಸಿದರು. ಸದ್ದಿಲ್ಲದೆ ಎರಡಾಯಿತು. ಸ್ವಲ್ಪ ದೊರಗು, ಆದರೂ ಆದೀತು ಎಂಬುದು ಅವರ ತೀರ್ಮಾನ.

ಜಗಲಿಯಲ್ಲಿ ಕೂತು ಚಾ ಕುಡಿಯುವಾಗ ಅರ್ಥವಾಯಿತು: ಆ ಕಲ್ಲಿನಲ್ಲಿ ಮರಳಿನ ಕಣ ಗಟ್ಟಿ, ಕಣಗಳ ನಡುವಿನ ಹಿಡಿತ ಮೆದು. ಹಾಗಾದರೆ ಒಂದೇ ಜಾತಿಯ ಕಲ್ಲನ್ನು ಒಬ್ಬರು ಮೆದು ಎಂದೂ ಇನ್ನೊಬ್ಬರು ಮಸೆಯುವುದು ಎಂದೂ ಕರೆದದ್ದರಲ್ಲಿ ಜಗಳವೇ ಇಲ್ಲ. ಇದು ನನ್ನ ಊಹೆ. ಚೆನ್ನಾಗಿ ಹೊಂದಿಕೊಳ್ಳುತ್ತದೆ, ಅದಕ್ಕೇ ಪದಕೋಶದಲ್ಲಿ ಬರೆಯಲಿಲ್ಲ. ಹೊಂದಿಕೊಂಡದ್ದೆಲ್ಲ ನಿಜ ಎಂದು ನಂಬಿದ್ದರ ಫಲ ಎದುರಿಗೆ ಜಗಲಿಯ ಮೇಲೇ ಇತ್ತು. ನಮ್ಮ ಕಡೆಯ ಕಲ್ಲಿನ ವಾಕ್ಯ ಹೊಡೆದುಹಾಕಿದೆ. ಮೂಲದ ಬಗೆಗಿನ ಎರಡು ಅಭಿಪ್ರಾಯಗಳನ್ನು ಎರಡಾಗಿಯೇ ಬಿಟ್ಟೆ.

ಮಿಜಾರಿಗೆ ಹೋಗಿ ಮುಕ್ಕಾದ ತುಂಡನ್ನೂ ಕಾಗದದ ಪೊಟ್ಟಣದಲ್ಲಿ ಉಳಿದ ಮರಳನ್ನೂ ಕೊಟ್ಟು, ಅಕ್ಕನ ಹಲಗೆಯ ವಿಷಯ ತಿಳಿಸಿ, ನಾನು ಕಲಿಸಿದ್ದು ತಪ್ಪು ಎಂದೆ. ಅವಳು ಮುಕ್ಕಾದ ಮೂಲೆಯನ್ನು ಬೆರಳಲ್ಲಿ ಸವರಿದಳು. ಅಣ್ಣನಿಗೆ ಹೇಳುವುದಿಲ್ಲ ಎಂದು ನಕ್ಕಳು. ಆಮೇಲೆ, ಅಕ್ಕ ತನ್ನ ಕ್ಲಾಸಿಗೆ ಬಂದು ಮಸೆದು ತೋರಿಸಿಯಾರೇ ಎಂದು ಕೇಳಿದಳು.

ಕೇಳಲು ಮತ್ತೆ ಬೆಳ್ತಂಗಡಿಗೆ ಹೋದೆ. ಫೋನಿನಲ್ಲಿ ಕೇಳಬಹುದಿತ್ತು, ಕೇಳಲಿಲ್ಲ. ಗಂಜಿ ಕೊಟ್ಟ ಆ ಮನೆಗೆ ನಾನು ಕೈ ಬೀಸಿಕೊಂಡು ಹೋಗಿ ಬಂದ ದಿನಗಳೇ ಹೆಚ್ಚು. ಈ ಸಲ ಒಂದು ಕೆಜಿ ಗಂಜಿಯಕ್ಕಿ ಕೊಂಡುಹೋದೆ. ಅಕ್ಕ ಅಕ್ಕಿಯನ್ನು ತೆಗೆದುಕೊಂಡು ಒಳಗಿಟ್ಟರು. ಕಾಲೇಜಿಗೆ ಬರಲು ಒಪ್ಪಿದರು. ಹಲಗೆ ತರುತ್ತೇನೆ, ಕತ್ತಿ ತರುತ್ತೇನೆ, ಭಾಷಣ ಮಾತ್ರ ನನ್ನಿಂದ ಆಗದು ಎಂದರು.

ಬೆಣಚುಕಲ್ಲನ್ನೂ ಇಲ್ಲಿಂದಲೇ ಒಯ್ಯುವುದೇ ಎಂದು ಕೇಳಿದೆ.

“ಅಲ್ಲಿ ಗುಡ್ಡ ಇಲ್ಲವಾ ಮಾಷ್ಟ್ರೇ? ಮಕ್ಕಳೇ ಹೆಕ್ಕಿ ತರಲಿ.”