ಅತ್ತಿಗೆ ಬಿಚ್ಚಿದ ಬ್ರೇಕು

ಬೀದಿಯ ಕೊನೆಯಲ್ಲಿದ್ದ ಗ್ಯಾರೇಜಿನ ಯಜಮಾನಿಯನ್ನು ಊರೆಲ್ಲ ಅತ್ತಿಗೆ ಎಂದೇ ಕರೆಯುತ್ತಿತ್ತು. ಅವಳ ಗಂಡನಿಗಿಂತ ಹಿರಿಯರಿಗೂ ಅವಳು ಅತ್ತಿಗೆ, ಮಗಳ ವಯಸ್ಸಿನವರಿಗೂ ಅತ್ತಿಗೆ. ಅವಳಾದರೂ ಬೇಸರಪಟ್ಟುಕೊಳ್ಳುತ್ತಿರಲಿಲ್ಲ. ಗಾಡಿ ಸರಿಹೋದರೆ ಸಾಕು, ಏನಾದರೂ ಕರೆಯಲಿ ಎನ್ನುತ್ತಿದ್ದಳು.

ಅವಳು ದರ್ಜಿಯ ಮಗಳು. ಮದುವೆಯಾಗಿ ಬಂದಾಗ ಗ್ಯಾರೇಜು ಮಾವನದು. ಇದ್ದೊಬ್ಬ ಮಗ ಗ್ರೀಸು ಕಂಡರೆ ಮೂಗು ಮುರಿಯುವ ಜಾತಿ. ಗ್ರಂಥಾಲಯದಲ್ಲಿ ಗುಮಾಸ್ತನಾಗಿ ಪುಸ್ತಕದ ಧೂಳಿನಲ್ಲಿ ಹಾಯಾಗಿದ್ದ. ಒಂದು ದಿನ ಮಾವ ಗಾಡಿಯ ಅಡಿಯಲ್ಲಿ ಮಲಗಿ, ಕೈ ಮಾತ್ರ ಹೊರಗೆ ಚಾಚಿ, "ಹದಿಮೂರು ಕೊಡೋ" ಎಂದರು. ಮಗ ಅಲ್ಲಿರಲಿಲ್ಲ. ಚಹಾ ತಂದ ಹೊಸ ಸೊಸೆ ಬಗ್ಗಿ ಮಾವ ಬಿಚ್ಚಲು ಹೊರಟಿದ್ದ ನಟ್ಟನ್ನು ನೋಡಿದಳು, ಗೋಡೆಗೆ ನೇತುಹಾಕಿದ್ದ ಸ್ಪ್ಯಾನರುಗಳಲ್ಲಿ ಹದಿನಾಲ್ಕನ್ನು ತೆಗೆದು ಅವರ ಕೈಯಲ್ಲಿಟ್ಟಳು. ಅದೇ ಕೂತಿತು. ಕಣ್ಣಳತೆಯಲ್ಲೇ ತೋಳು, ಎದೆ, ಸೊಂಟ ಹೇಳುತ್ತಿದ್ದವನ ಮಗಳಿಗೆ ನಟ್ಟು ಯಾವ ಲೆಕ್ಕ? ಮಾವ ಹೊರಗೆ ತೆವಳಿ ಬಂದು ಸೊಸೆಯ ಮುಖ ನೋಡಿದರು. "ಚಹಾ ಆಮೇಲೆ ಕುಡೀತೀನಿ. ನೀನು ಇಲ್ಲೇ ಇರಮ್ಮ" ಎಂದರು. ಹಾಗೆ ಇದ್ದವಳಿಗೆ ಇಪ್ಪತ್ತಾರು ವರ್ಷವಾಯಿತು. ಈಗ ಮಾವನಿಗೆ ಮಂಡಿ ಮಡಚಲು ಬಾರದು, ಕಣ್ಣೂ ಮಂಜು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕಿವಿಯಲ್ಲೇ ನೋಡುತ್ತಿದ್ದರು.

ಒಂದು ಬುಧವಾರ ಡ್ರಾಯಿಂಗ್ ಮೇಷ್ಟ್ರು ತಮ್ಮ ಹಸಿರು ಕಾರನ್ನು ತಂದು ನಿಲ್ಲಿಸಿದರು. ಎರಡೇ ಸೀಟಿನ, ಚಾವಣಿ ಮಡಚುವ, ನೆಲಕ್ಕೆ ಅಂಟಿಕೊಂಡಂತಿದ್ದ ಹಳೆಯ ಸ್ಪೋರ್ಟ್ಸ್ ಕಾರು. ಮೇಷ್ಟ್ರಿಗಿಂತ ನಾಲ್ಕೇ ವರ್ಷ ಚಿಕ್ಕದು ಎಂದು ಜನ ಆಡಿಕೊಳ್ಳುತ್ತಿದ್ದರು. ನಿವೃತ್ತಿಯಾದ ಮೇಲೆ ಅದನ್ನು ಒರೆಸುವುದೇ ಅವರಿಗೆ ಉದ್ಯೋಗ.

"ಬ್ರೇಕು ಸ್ವಲ್ಪ ಮೆತ್ತಗಾಗಿದೆ ಕಣಮ್ಮ. ಪ್ಯಾಡ್ ಬದಲಾಯಿಸಿಬಿಡು. ಒಂದು ಗಂಟೆ ಕೆಲಸ ತಾನೆ?" ಎಂದರು. "ಭಾನುವಾರ ಅಕ್ಕನಿಗೆ ಎಂಬತ್ತೆರಡು ತುಂಬತ್ತೆ. ಬೆಟ್ಟದ ದಾರೀಲಿ ಕೆರೆವರೆಗೂ ಕರ್ಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿದೀನಿ."

ಅತ್ತಿಗೆ ಕೂತು ಪೆಡಲು ಒತ್ತಿದಳು. ಅದು ಹಸಿ ಮಣ್ಣಿನಲ್ಲಿ ಹೂತಂತೆ ಇಳಿಯುತ್ತಾ ಹೋಯಿತು.

"ಸ್ವಲ್ಪ ಮೆತ್ತಗಾ ಮೇಷ್ಟ್ರೆ?"

"ಎರಡು ಸಲ ತುಳಿದರೆ ಹಿಡಿಯತ್ತೆ" ಎಂದು ಮೇಷ್ಟ್ರು ಬೇರೆ ಕಡೆ ನೋಡಿದರು.

ಬೆಟ್ಟ ಅಗೆದು ಇಲಿ ಹಿಡಿದವರ ಕಥೆ ಎಲ್ಲರಿಗೂ ಗೊತ್ತು. ಇಲ್ಲಿ ಇಲಿ ಹಿಡಿಯಲು ಕೂತವಳಿಗೆ ಬೆಟ್ಟವೇ ಗಂಟುಬಿತ್ತು. ಮುಂದಿನ ಎಡ ಚಕ್ರ ಬಿಚ್ಚಿದಳು. ಪ್ಯಾಡು ಸವೆದಿತ್ತು, ಸರಿ. ಆದರೆ ಅದನ್ನು ಒತ್ತುವ ಪಿಸ್ಟನ್ನು ತುಕ್ಕು ಹಿಡಿದು ಅಲುಗದೆ ಕೂತಿತ್ತು. ಬಲ ಚಕ್ರದಲ್ಲೂ ಅದೇ ಪಾಡು. ಬ್ರೇಕ್ ಆಯಿಲಿನಲ್ಲಿ ಸೇರಿಕೊಂಡ ಗಾಳಿ ತೆಗೆಯುವ ನಿಪ್ಪಲ್ಲಿಗೆ ಸ್ಪ್ಯಾನರ್ ಹಾಕಿದಳು. ಅದು ಟಪ್ಪನೆ ಮುರಿದು ಕೈಗೆ ಬಂತು. ಕುರ್ಚಿಯಿಂದ ಮಾವ ಕೇಳಿದರು, "ಮುರಿದೆಯಾ?"

"ಮುರಿದೆ ಮಾವ. ಕಾಯಿಸದೆ ತಿರುಗಿಸಿದೆ. ತಪ್ಪು ನಂದೇ."

"ಹೂಂ" ಎಂದರು ಅಷ್ಟೆ.

ನಂತರ ಅವಳು ಟಾರ್ಚು ಹಿಡಿದು ಕಾರಿನ ಅಡಿಗೆ ಹೋದಳು. ಆ ಕಾಲದ ಕಾರಿಗೆ ಬ್ರೇಕಿನದು ಒಂದೇ ಪೈಪಿನ ಸಾಲು. ಎಲ್ಲೋ ಒಂದು ಕಡೆ ತೂತಾದರೆ ನಾಲ್ಕು ಚಕ್ರವೂ ಕೈಬಿಟ್ಟಂತೆ. ಹಿಂದಿನ ಚಕ್ರದ ಬಳಿ, ಪೈಪನ್ನು ಹಿಡಿದಿದ್ದ ಕ್ಲಿಪ್ಪಿನ ಮರೆಯಲ್ಲಿ ಏನೋ ಉಬ್ಬಿದಂತೆ ಕಂಡಿತು. ಕ್ಲಿಪ್ಪು ಸರಿಸಿ ಸ್ಕ್ರೂ ಡ್ರೈವರಿನ ತುದಿ ತಾಗಿಸಿದಳು, ಒತ್ತಲೂ ಇಲ್ಲ. ತುದಿ ಒಳಗೆ ಹೋಯಿತು. ಬ್ರೇಕ್ ಆಯಿಲು ಅವಳ ಮುಂಗೈ ಮೇಲೆ ಹನಿಯತೊಡಗಿತು.

ಅವಳು ಮೇಷ್ಟ್ರನ್ನು ಕರೆದು, ಹಲಗೆಯ ಮೇಲೆ ಮಲಗಿಸಿ, ಕಾರಿನ ಅಡಿಗೆ ಸರಿಸಿ, ಟಾರ್ಚು ಅವರ ಕೈಗೇ ಕೊಟ್ಟಳು. ಎದ್ದು ಬಂದಾಗ ಅವರ ಮುಖ ಬಿಳಿಚಿಕೊಂಡಿತ್ತು. ಆದರೂ ಹಟ ಬಿಡದೆ, "ಆ ಒಂದು ತುಂಡು ಮಾತ್ರ ಹಾಕಿಕೊಡೋಕೆ ಆಗಲ್ವಾ? ಇನ್ನೊಂದು ಗ್ಯಾರೇಜಿನವರಾದ್ರೆ ಅರ್ಧ ದಿನ ಸಾಕು ಅಂತಾರೆ" ಎಂದರು.

ಅತ್ತಿಗೆ ಕೈ ಒರೆಸಿಕೊಂಡಳು. ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಸಲ ಅವಳು ಗಿರಾಕಿಯ ಅವಸರಕ್ಕೆ ಮಣಿದು ಅರೆಬರೆ ಬ್ರೇಕಿನ ಗಾಡಿ ಬಿಟ್ಟುಕೊಟ್ಟಿದ್ದಳು. ಅದು ಕ್ಷೇಮವಾಗಿ ವಾಪಸು ಬರುವವರೆಗೆ ಎರಡು ದಿನ ರಸ್ತೆ ನೋಡುತ್ತಲೇ ಕಳೆದಿದ್ದಳು.

"ಮೇಷ್ಟ್ರೆ, ಇಂಜಿನ್ ಕೈಕೊಟ್ರೆ ಗಾಡಿ ನಿಂತುಹೋಗತ್ತೆ. ಬ್ರೇಕ್ ಕೈಕೊಟ್ರೆ ನಿಲ್ಲೋದೇ ಇಲ್ಲ. ಅರ್ಧ ದಿನದವರ ಹತ್ರ ಹೋಗೋದಾದ್ರೆ ತಳ್ಳಿಕೊಂಡು ಹೋಗಿ. ಓಡಿಸೋಕೆ ನಾನು ಕೀ ಕೊಡಲ್ಲ."

ಮೇಷ್ಟ್ರು ಸಿಟ್ಟಿನಿಂದ ಹೊರಟರು. ಬಾಗಿಲವರೆಗೆ ಹೋಗಿ, ನಿಂತು, ವಾಪಸು ಬಂದರು. "ಭಾನುವಾರ ಅಕ್ಕನಿಗೆ ಏನು ಹೇಳಲಿ?"

"ಇದ್ದದ್ದು ಇದ್ದಹಾಗೆ ಹೇಳಿ."

ಪೈಪೆಲ್ಲ ಹೊಸದು ಬೇಕು ಎಂದು ಗೊತ್ತಾಯಿತು. ಪೈಪು ಬಿಚ್ಚಲು, ಪೆಡಲು ಒತ್ತಿದಾಗ ಪೈಪಿಗೆ ಆಯಿಲು ತಳ್ಳುವ ಮಾಸ್ಟರ್ ಸಿಲಿಂಡರ್ ಇಳಿಸಬೇಕಾಯಿತು. ಇಳಿಸಿದರೆ ಅದರ ಹಿಂದಿನ ತಗಡು ಹಪ್ಪಳವಾಗಿತ್ತು. ಎಷ್ಟೋ ವರ್ಷದಿಂದ ಆಯಿಲು ಜಿನುಗಿ ಬಣ್ಣ ತಿಂದು, ಬಣ್ಣ ಹೋದ ಮೇಲೆ ತುಕ್ಕು ತಗಡನ್ನೇ ತಿಂದಿತ್ತು. ಪೆಡಲು ನಿಂತಿದ್ದೇ ಆ ತಗಡಿನ ಮೇಲೆ. "ಹಲ್ಲುನೋವು ಅಂತ ಬಂದವನಿಗೆ ದವಡೆಯೇ ಇಲ್ಲ ಅಂದಂಗಾಯ್ತು" ಎಂದು ಮಾವ ನಕ್ಕರು. ಅತ್ತಿಗೆಗೆ ನಗು ಬರಲಿಲ್ಲ. ಕೊಳೆತ ಜಾಗವನ್ನು ಕತ್ತರಿಸಿ ತೆಗೆದಳು. ಅಪ್ಪ ಬಟ್ಟೆಗೆ ಮಾಡುತ್ತಿದ್ದಂತೆ ಮೊದಲು ಕಾಗದದಲ್ಲಿ ಅಳತೆ ಕತ್ತರಿಸಿ, ಕೂರಿಸಿ ನೋಡಿ, ಆಮೇಲೆ ತಗಡು ಕತ್ತರಿಸಿ ಬೆಸುಗೆ ಹಾಕಿದಳು.

ಪಿಸ್ಟನ್ನು ಮಾತ್ರ ಎಲ್ಲೂ ಸಿಗಲಿಲ್ಲ. ಆ ಅಳತೆಯದು ಮಾಡುವುದನ್ನು ಬಿಟ್ಟು ಯಾವ ಕಾಲವಾಯಿತೋ! ಇಲ್ಲಿ ಮೇಷ್ಟ್ರು ಕೆಲಸಕ್ಕೆ ಬಂದರು. ದಿನಾ ಬಂದು ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂರುತ್ತಿದ್ದವರು ಹಳೆಯ ಪಿಸ್ಟನ್ನನ್ನು ಕೈಗೆತ್ತಿಕೊಂಡು, "ಅಳತೆ ಹೇಳಮ್ಮ" ಎಂದರು. ಅವಳು ಹೇಳುತ್ತಾ ಹೋದಳು, ಅವರು ಬರೆಯುತ್ತಾ ಹೋದರು. ಮೇಲಿನಿಂದ, ಪಕ್ಕದಿಂದ, ಅಡ್ಡ ಕೊಯ್ದಂತೆ, ಹೀಗೆ ಮೂರು ಚಿತ್ರ. ಲೇತ್ ಅಂಗಡಿಯವನು ಆ ಹಾಳೆ ನೋಡಿ, "ಇಂಥ ನಕ್ಷೆ ಕೊಟ್ರೆ ಕಣ್ಣು ಮುಚ್ಚಿಕೊಂಡು ಕಡೀಬಹುದು" ಎಂದು ತುಕ್ಕು ಹಿಡಿಯದ ಉಕ್ಕಿನಲ್ಲಿ, ಮುಂದಿನ ಚಕ್ರಕ್ಕೆ ಎರಡರಂತೆ, ನಾಲ್ಕು ಪಿಸ್ಟನ್ ಕಡೆದುಕೊಟ್ಟ. ಅಂದಿನಿಂದ ಮೇಷ್ಟ್ರ ಮುಖದ ಊತ ಇಳಿಯಿತು; ಪೈಪು ಬಗ್ಗಿಸುವಾಗ ಇನ್ನೊಂದು ತುದಿ ಹಿಡಿಯಲು ತಾವೇ ಮುಂದಾದರು.

ಹೊಸ ತಾಮ್ರದ ಪೈಪುಗಳ ಬಾಯನ್ನು ಕೀಲಿನಲ್ಲಿ ಬಿಗಿಯಾಗಿ ಕೂರುವಂತೆ ಅಗಲಿಸುವುದು ಸೂಕ್ಷ್ಮದ ಕೆಲಸ. ಮೊದಲ ನಾಲ್ಕು ಕೀಲು ಸೋರಿದವು. ಕತ್ತರಿಸಿ ಮತ್ತೆ ಮಾಡಿದಳು. ಮಳೆಗಾಲದ ಸೂರಿನ ಹಾಗೆ ಇನ್ನೊಂದು ಸೋರಿತು. ಅದನ್ನೂ ಮಾಡಿದಳು. ಒಂದು ಗಂಟೆಯ ಕೆಲಸಕ್ಕೆ ಇಪ್ಪತ್ತಮೂರನೆಯ ದಿನ ಅವಳು ಕೊನೆಯ ನಿಪ್ಪಲ್ ಬಿಗಿದು, "ಮಾವ, ಬನ್ನಿ" ಎಂದಳು.

ಮಾವನನ್ನು ಇಬ್ಬರೂ ಸೇರಿ ಆ ತಗ್ಗು ಸೀಟಿನಲ್ಲಿ ಕೂರಿಸಿದರು. ಅವರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಪೆಡಲು ಒತ್ತಿದರು. ಅದು ಒಂದಿಷ್ಟು ಇಳಿದು, ಕಲ್ಲಿನಂತೆ ನಿಂತಿತು. ಇನ್ನೂ ಇಳಿಯುತ್ತದೇನೋ ಎಂದು ಒತ್ತಿ ಹಿಡಿದು ನೋಡಿದರು. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ನಾನು ಮಾಡಿದ್ರೆ ಇಷ್ಟು ಚೆನ್ನಾಗಿ ಆಗ್ತಿರಲಿಲ್ಲ. ನಾನು ಆ ತಗಡಿಗೆ ತೇಪೆ ಹಾಕಿ ಕಳಿಸಿಬಿಡ್ತಿದ್ದೆ" ಎಂದರು. ಅತ್ತಿಗೆ ತಟ್ಟನೆ ಒಳಗೆ ಹೋಗಿ ನಲ್ಲಿ ಬಿಟ್ಟು ಕೈ ತೊಳೆಯತೊಡಗಿದಳು. ಕೈ ಆಗಲೇ ತೊಳೆದಾಗಿತ್ತು.

ಮುಂದಿನ ಭಾನುವಾರ ಮೇಷ್ಟ್ರ ಜೊತೆ ಅವರ ಅಕ್ಕ ಬಂದರು. ಸಣ್ಣ ದೇಹ, ದೊಡ್ಡ ದನಿ. ಊರುಗೋಲಿನಿಂದ ಚಕ್ರ ತಟ್ಟಿ, "ನನ್ನನ್ನು ಮೂರು ವಾರ ಕಾಯಿಸಿದವಳು ನೀನೇನಾ?" ಎಂದರು.

"ಹೌದಮ್ಮ."

"ಆ ತೂತು ಪೈಪನ್ನು ಇವನು ಮನೆಗೆ ತಂದು ತೋರಿಸಿದ. ಊಟದ ಮೇಜಿನ ಮೇಲೇ ಇಟ್ಟುಕೊಂಡಿದೀನಿ." ಅಕ್ಕ ಆಗಲೇ ಸ್ಟೀರಿಂಗಿನ ಮುಂದೆ ಕೂತಿದ್ದ ತಮ್ಮನ ಕಡೆ ತಿರುಗಿದರು. "ನೀನು ಇಳಿಯೋ. ನಾನು ಇವಳ ಜೊತೆ ಹೋಗ್ತೀನಿ."

"ಅಕ್ಕಾ, ಕಾರು ನಂದು!"

"ಬ್ರೇಕು ಇವಳದು. ಇಳಿ."

ಎಪ್ಪತ್ತು ದಾಟಿದ ಮೇಷ್ಟ್ರು ಇಳಿದು, ಮಾವನ ಪಕ್ಕ ಒಂದು ಸ್ಟೂಲು ಎಳೆದುಕೊಂಡು ಕೂತರು.

ಗಿರಾಕಿಗಳ ಗಾಡಿಯನ್ನು ಪರೀಕ್ಷೆಗೆಂದು ನೀರಿನ ಟ್ಯಾಂಕಿನವರೆಗೆ ಓಡಿಸಿದ್ದು ಬಿಟ್ಟರೆ ಅತ್ತಿಗೆ ಯಾವ ಕಾರಿನಲ್ಲೂ ಸುಮ್ಮನೆ ತಿರುಗಾಡಿದವಳಲ್ಲ. ಬೆಟ್ಟ ಹತ್ತಿ, ನೆತ್ತಿ ದಾಟಿ ಇಳಿಜಾರು ಶುರುವಾಯಿತು. ಒಂದರ ಹಿಂದೆ ಒಂದು ತಿರುವು, ಬಲಗಡೆ ಬರೀ ಆಕಾಶ. ಮೊದಲ ತಿರುವಿನಲ್ಲಿ ಅಕ್ಕ ಎದುರಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿದ್ದರು. ಅತ್ತಿಗೆ ಬ್ರೇಕಿನ ಮೇಲೆ ಪಾದ ಇಟ್ಟಳು. ಕಾರು ಎಡಕ್ಕೂ ಎಳೆಯದೆ, ಬಲಕ್ಕೂ ಎಳೆಯದೆ, ಹೇಳಿದ ಮಾತು ಕೇಳುವ ಮಗುವಿನಂತೆ ವೇಗ ಇಳಿಸಿಕೊಂಡಿತು. ಮೂರನೆಯ ತಿರುವಿಗೆ ಅಕ್ಕ ಹಿಡಿಕೆ ಬಿಟ್ಟರು. ಐದನೆಯದಕ್ಕೆ, "ಇನ್ನೂ ಸ್ವಲ್ಪ ಜೋರಾಗಿ ಹೋಗೇ" ಎಂದು ಕೂಗಿದರು.

ಕೆರೆಯ ದಂಡೆಯಲ್ಲಿ ಕಾರು ನಿಂತಿತು. ಅತ್ತಿಗೆ ಇಳಿದು ನಾಲ್ಕೂ ಚಕ್ರದ ಹತ್ತಿರ ಕೂತು ಕೈಯ ಹಿಂಬದಿ ಹಿಡಿದು ಕಾವು ನೋಡಿದಳು.

"ಜ್ವರ ಇದೆಯಾ?" ಎಂದರು ಅಕ್ಕ.

"ಎಡಕ್ಕೂ ಬಲಕ್ಕೂ ಒಂದೇ ಬಿಸಿ ಇದೆಯಮ್ಮ, ಎರಡೂ ಕಡೆ ಬ್ರೇಕು ಸಮನಾಗಿ ಹಿಡಿದಿದೆ. ಒಂದು ಕೂದಲಿನಷ್ಟೂ ವ್ಯತ್ಯಾಸ ಇಲ್ಲ." ಹೇಳುವಾಗ ಅವಳ ದನಿ ತಾನಾಗಿ ಎತ್ತರಕ್ಕೆ ಹೋಯಿತು. ಕೆರೆಯ ಬಳಿ ಕೂತಿದ್ದ ಯಾರೋ ತಿರುಗಿ ನೋಡಿದರು. ನೋಡಲಿ ಎಂದುಕೊಂಡಳು. "ನಾನೇ ಮಾಡಿದ್ದು" ಎಂದು, ಅವರಿಗೂ ಕೇಳಿಸುವಂತೆ, ಇನ್ನೊಂದು ಮಾತು ಸೇರಿಸಿದಳು.