ಕಾರು ಕಲಿಯಲು ಬಂದವರು

ನನ್ನ ಗಂಡ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಹೃದಯಾಘಾತದಿಂದ ಅವರು ತೀರಿಕೊಂಡಾಗ ನನಗೆ ಮೂವತ್ತಾರು. ಮಕ್ಕಳಿರಲಿಲ್ಲ. ನ್ಯೂಟೌನಿನ ಕ್ವಾರ್ಟರ್ಸ್ ಖಾಲಿ ಮಾಡಿ ಶಿವಮೊಗ್ಗದಲ್ಲಿದ್ದ ಅಣ್ಣನ ಮನೆ ಸೇರಿದೆ. ಅಲ್ಲಿ ಯಾರೂ ನನ್ನನ್ನು ಕೆಟ್ಟದಾಗಿ ನೋಡಲಿಲ್ಲ. ಆದರೆ ಹಬ್ಬದ ದಿನ ಅರಿಶಿನ ಕುಂಕುಮಕ್ಕೆ ಹೆಂಗಸರು ಬಂದರೆ ಅತ್ತಿಗೆ ಏನಾದರೊಂದು ನೆಪ ಹೇಳಿ ನನ್ನನ್ನು ಅಡುಗೆಮನೆಗೆ ಕಳಿಸುತ್ತಿದ್ದರು.

ಗಂಡ ಇದ್ದಾಗಲೇ ಹಟ ಹಿಡಿದು ಕಾರು ಕಲಿತಿದ್ದೆ. ಸವಳಂಗ ರಸ್ತೆಯ ಡ್ರೈವಿಂಗ್ ಸ್ಕೂಲೊಂದಕ್ಕೆ ಹೆಂಗಸರಿಗೆ ಕಲಿಸಲು ಹೆಂಗಸರೇ ಬೇಕಾಗಿದ್ದಾರೆಂದು ಗೊತ್ತಾಗಿ ಹೋಗಿ ಕೇಳಿದೆ. ಮಾಲೀಕರು ಪಕ್ಕದಲ್ಲಿ ಕೂತು ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಒಂದು ಸುತ್ತು ಹೊಡೆಸಿ, "ನಾಳೆಯಿಂದ್ಲೇ ಬನ್ನಿ ಮೇಡಂ" ಎಂದರು. ಕೆಲಸ ಗಟ್ಟಿಯಾದ ಮೇಲೆ ರಾಗಿಗುಡ್ಡದ ಹತ್ತಿರ ಪುಟ್ಟ ಮನೆ ಹಿಡಿದೆ.

"ಒಬ್ಳೇ ಇರ್ತೀಯಾ?" ಅಣ್ಣ ಕೇಳಿದ.

"ಇದ್ದು ನೋಡ್ತೀನಿ."

ಮೊದಲ ದಿನ ರೇಡಿಯೋ ಜೋರಾಗಿ ಹಾಕಿಕೊಂಡು, ಕಾಲು ಚಾಚಿ ಕೂತು, ಮಂಡಕ್ಕಿ ಮೆಣಸಿನಕಾಯಿ ಬಜ್ಜಿ ತಿಂದೆ. ಅಷ್ಟು ರುಚಿಯಾದ ಊಟ ಆಮೇಲೆ ಮಾಡಿದ್ದು ಕಡಿಮೆ.

ಕೆಲವು ವರ್ಷಗಳ ನಂತರ ಅವರು ಕಲಿಯಲು ಬಂದರು. ಅದೇ ರಸ್ತೆಯಲ್ಲಿ ಬೇಕರಿ ಇಟ್ಟುಕೊಂಡಿದ್ದ, ಐವತ್ತರ ಆಸುಪಾಸಿನ, ಹೆಂಡತಿಯನ್ನು ಕಳೆದುಕೊಂಡಿದ್ದ ಮನುಷ್ಯ. ಭದ್ರಾವತಿಯಲ್ಲೇ ಬೆಳೆದ, ತಮಿಳು ಮನೆಮಾತಿನವರು. ಗಂಡಸರಿಗೆ ಕಲಿಸುವವನು ಬೈಯುತ್ತಾನೆಂದು ನನ್ನ ಹತ್ತಿರವೇ ಕಲಿಯುತ್ತೇನೆಂದರು. ಹಿಟ್ಟು ನಾದುವವರ ಹಾಗೆ ಸ್ಟೇರಿಂಗ್ ಅದುಮಿ ಹಿಡಿಯುತ್ತಿದ್ದರು. "ಮೆತ್ತಗೆ ಹಿಡೀರಿ, ಎಲ್ಲೂ ಓಡಿ ಹೋಗಲ್ಲ" ಎಂದರೆ ಮನಸಾರೆ ನಗುತ್ತಿದ್ದರು. ಲೈಸೆನ್ಸ್ ಕೈಗೆ ಬಂದ ಮೇಲೂ ರಿವರ್ಸ್ ಸರಿಯಾಗಿ ಬರುವುದಿಲ್ಲವೆಂದು ಬರುತ್ತಲೇ ಇದ್ದರು. ಒಂದು ಬೆಳಿಗ್ಗೆ ಕಾರು ಪಕ್ಕಕ್ಕೆ ಹಾಕಿಸಿ ಕೇಳಿದೆ.

"ನಿಜ ಹೇಳಿ, ರಿವರ್ಸ್ ಕಲಿಯೋಕೇ ಬರ್ತಿದೀರಾ?"

ಅವರು ಎಂಜಿನ್ ಆರಿಸಿದರು. "ಇಲ್ಲ ಮೇಡಂ, ನಿಮ್ ಜೊತೆ ಮಾತಾಡೋಕೆ. ಬೇಡ ಅಂದ್ರೆ ನಾಳೆಯಿಂದ ಬರಲ್ಲ."

"ಬನ್ನಿ. ಆದ್ರೆ ಇಲ್ಲಿಗಲ್ಲ, ಮನೆಗೆ. ಕಾಫಿ ಮಾಡ್ತೀನಿ."

ಮದುವೆಯ ಮಾತು ಬಂದಾಗ ಅಣ್ಣ ಮಾತು ಬಿಟ್ಟ. ನನಗೆ ಅಂಜಿಕೆಯಿದ್ದದ್ದು ಮೊದಲ ಗಂಡನ ತಾಯಿ, ನನ್ನ ಅತ್ತೆಯ ಬಗ್ಗೆ. ಭದ್ರಾವತಿಯ ಹಳೇನಗರದಲ್ಲಿ ಮೈದುನನ ಮನೆಯಲ್ಲಿದ್ದರು. ಹೋಗಿ ಎಲ್ಲವನ್ನೂ ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಕೆಲ್ಸ ಬಿಡು ಅಂತಾರೇನೇ ಅವ್ರು?"

"ಅಂದ್ರೂ ನಾನು ಬಿಡಲ್ಲ ಅತ್ತೆ."

"ಹಾಗಾದ್ರೆ ಆಗು ಮಾರಾಯ್ತಿ. ನನ್ ಮಗನ್ನ ಮಾತ್ರ ಮರೀಬೇಡ."

ರಿಜಿಸ್ಟರ್ ಮದುವೆಯಾದೆವು. ಬೇಕರಿಯ ಮೇಲಿನ ಮನೆಗೆ ನನ್ನ ಸಾಮಾನು ಬಂದ ದಿನ ಅವರೇ ಗೋಡೆಗೆ ಮೊಳೆ ಹೊಡೆದು, ತಮ್ಮ ಮೊದಲ ಹೆಂಡತಿಯ ಫೋಟೋ ಪಕ್ಕದಲ್ಲಿ ನನ್ನ ಮೊದಲ ಗಂಡನ ಫೋಟೋ ನೇತುಹಾಕಿದರು. ಬಂದ ನೆಂಟರಲ್ಲಿ ಕೆಲವರಿಗೆ ಅತ್ತ ನೋಡಲು ಈಗಲೂ ಮುಜುಗರ. ನಮ್ಮಿಬ್ಬರಿಗಿಲ್ಲ.