ಆಣೆ ಇಡದ ಪಂಚಾಕ್ಷರಪ್ಪ

ಅಜ್ಜಂಪುರದ ಟೈಲರ್ ಪಂಚಾಕ್ಷರಪ್ಪ ತನ್ನ ಆಯುಸ್ಸಿನಲ್ಲಿ ನಾಲ್ಕು ಸಲ ಇಸ್ಪೀಟು ಬಿಟ್ಟ. ಮೊದಲ ಮೂರು ಸಲ ಊರಿಗೆಲ್ಲ ಗೊತ್ತಾಗುವ ಹಾಗೆ ಬಿಟ್ಟ, ಊರಿಗೆಲ್ಲ ಗೊತ್ತಾಗುವ ಹಾಗೆ ಮತ್ತೆ ಹಿಡಿದ. ನಾಲ್ಕನೆಯ ಸಲ ಯಾರನ್ನೂ ಕೇಳದೆ, ಯಾರಿಗೂ ಹೇಳದೆ ಬಿಟ್ಟ. ಊರಿಗೆ ಸಿಟ್ಟು ಬಂದದ್ದು ಅದಕ್ಕೇ.

ಕೈ ಮಾತ್ರ ಬಂಗಾರದಂಥ ಕೈ. ಅವನು ಕತ್ತರಿಸಿದ ಜುಬ್ಬಕ್ಕೆ ಕಡೂರಿನಿಂದಲೂ ಗಿರಾಕಿಗಳು ಬರುತ್ತಿದ್ದರು. ಆದರೆ ಸಂಜೆ ನಾಲ್ಕರ ರೈಲು ಕೂಗಿತೆಂದರೆ ಮಿಲ್ಲಿನ ಹಿಂದಿನ ಷೆಡ್ಡಿನಲ್ಲಿ ಇಸ್ಪೀಟೆಲೆ ಹಂಚಲು ಶುರುವಾಗುತ್ತಿತ್ತು. ಪಂಚಾಕ್ಷರಪ್ಪನ ಕತ್ತರಿ ಬಟ್ಟೆಯ ನಡುವೆಯೇ ನಿಲ್ಲುತ್ತಿತ್ತು. ಎಪ್ಪತ್ತನಾಲ್ಕನೇ ಇಸವಿಯಲ್ಲಿ ಒಬ್ಬ ಮದುಮಗ ಕಾದು ಕಾದು, ಕೊನೆಗೆ ಅಪ್ಪನ ಹಳೇ ಕೋಟು ತೊಟ್ಟು ಹಸೆಮಣೆ ಏರಬೇಕಾಯಿತು.

ಮದ್ದುಗಳಿಗೇನು ಕೊರತೆ! ಕಡೂರಿನಿಂದ ತಾಯತ ಬಂತು. ಯಾರೋ ಕೊಟ್ಟ ಕಷಾಯ ಕುಡಿದು ಮೂರು ದಿನ ಭೇದಿಯಾಯಿತು, ಇಸ್ಪೀಟು ಹೊಟ್ಟೆಯೊಳಗಿದೆ ಎಂದುಕೊಂಡಿದ್ದರೋ ಏನೋ. ಇಪ್ಪತ್ತೊಂದು ದಿನ ಭಜನೆಯಲ್ಲೂ ಕೂತ. ಪ್ರತಿ ಮದ್ದಿನ ಕೊನೆಗೂ ಹಿರಿಯರು ಸೇರಿ, ಹೆಂಡತಿ ಸಾವಿತ್ರಮ್ಮನ ತಲೆ ಮುಟ್ಟಿಸಿ ಆಣೆ ಇಡಿಸುತ್ತಿದ್ದರು. ಪ್ರತಿ ಸಲವೂ ಆಣೆ ಮುರಿಯುತ್ತಿತ್ತು. ಆಮೇಲೆ ಅವಳಿಗೆ ಒಂದು ತಲೆನೋವು ಬಂದರೂ ಸಾಕು, ಆಣೆ ತಟ್ಟಿತೆಂದು ಅವನ ಎದೆ ಹಾರುತ್ತಿತ್ತು. ಆ ಹೆದರಿಕೆ ಮರೆಯಲು ಮತ್ತೆ ಷೆಡ್ಡಿಗೇ ಓಡುತ್ತಿದ್ದ. ಇಂಥ ಔಷಧಿ ಕೊಟ್ಟವರಿಗೆ ಏನನ್ನಬೇಕು ಹೇಳಿ.

ತರೀಕೆರೆಯ ಡಾಕ್ಟರೊಬ್ಬರು ಮಾತ್ರ ಬೇರೆ ಮಾತು ಹೇಳಿದ್ದರು: "ಇದಕ್ಕೆ ಮಾತ್ರೆ ಇಲ್ಲ ಕಣ್ರೀ. ಆ ಹೊತ್ತಿಗೆ ಕೈಗೊಂದು ಕೆಲಸ ಕೊಡಿ. ಮನಸ್ಸಲ್ಲಿರೋದನ್ನ ಯಾರ ಹತ್ರಾನಾದ್ರೂ ಹೇಳ್ಕೊಳಿ." ಯಾರ ಹತ್ತಿರ ಎಂದು ಅವರು ಹೇಳಲಿಲ್ಲ.

ಅದು ಈರಕ್ಕನ ಹತ್ತಿರ ಎಂದು ಗೊತ್ತಾದದ್ದು ಎಂಬತ್ತರಲ್ಲಿ. ಈರಕ್ಕ ಬುಕ್ಕಾಂಬುಧಿ ರಸ್ತೆಯಲ್ಲಿ ತೆಂಗಿನ ನಾರಿನ ಹಗ್ಗ ಹೊಸೆದು ಮಾರುವ ಒಂಟಿ ಮುದುಕಿ. ರವಿಕೆ ಹೊಲಿಸಲು ಬಂದವಳು, ರೈಲು ಕೂಗಿದಾಗ ಪಂಚಾಕ್ಷರಪ್ಪನ ಬೆರಳು ನಡುಗುವುದನ್ನು ನೋಡಿದಳು.

"ಕೈ ಸುಮ್ನಿರಲ್ಲ ಅಂತದಾ? ನಮ್ಮಂಗಳಕ್ಕೆ ಬಾರಪ್ಪ. ನಾರು ಹೊಸಿ, ಬಾಯಿಗ್ ಬಂದದ್ದು ಮಾತಾಡು."

"ಇನ್ಮೇಲೆ ಆಡಲ್ಲ ಅಂತ ಆಣೆ ಇಡ್ಲಾ ಈರಕ್ಕ?"

ಮುದುಕಿ ಕೆರಳಿದಳು. "ಆಣೆ ತಗೊಂಡೋಗಿ ಒಲೆಗ್ ಹಾಕು! ನಮ್ಮನೆಯೋನ ಕೈಲಿ ಕೂಸಿನ ತಲೆ ಮುಟ್ಸಿ ಆಣೆ ಇಡಿಸ್ದೆ ಕಣೋ. ಎಂಟೇ ದಿನಕ್ಕೆ ಆಡ್ಬಿಟ್ಟ. ಕೂಸಿಗೆ ಏನಾಗ್ತದೋ ಅಂತ ಹೆದ್ರಿ ಊರೇ ಬಿಟ್ಟೋದ. ಇವತ್ತಿಗೂ ಬಂದಿಲ್ಲ. ಎಲೆ ಅಲ್ಲ, ಆಣೆ ಕಳ್ಸಿದ್ದು ಅವನ್ನ."

ಅಂದಿನಿಂದ ನಾಲ್ಕಕ್ಕೆ ರೈಲು ಕೂಗಿದರೆ ಪಂಚಾಕ್ಷರಪ್ಪ ಈರಕ್ಕನ ಅಂಗಳದಲ್ಲಿ. ದೀಪ ಹಚ್ಚುವ ತನಕ ನಾರು ಹೊಸೆಯುತ್ತ ಅವನು ಹೇಳುತ್ತಿದ್ದ, ಅವಳು ಹ್ಞೂಂಗುಟ್ಟುತ್ತಿದ್ದಳು. ಆ ಮದುಮಗನ ಕೋಟಿನ ವಿಷಯ ಹೇಳಿದ ದಿನ ಬಿಕ್ಕಿ ಬಿಕ್ಕಿ ಅತ್ತ. ಷೆಡ್ಡಿನವರು ಸುಮ್ಮನಿದ್ದಾರೆಯೇ? "ಏನೋ ಪಂಚಾಕ್ಷರಿ, ಹೆಂಗಸಿನ ಜೊತೆ ನಾರು ಹೊಸೀತೀಯಂತೆ?" ಎಂದು ಬೀದಿಯಲ್ಲಿ ನಕ್ಕರು. "ಹೌದು ಕಣೋ, ಹೊಸೀತೀನಿ. ನಿನಗೂ ಮೂಗುದಾರ ಬೇಕಾ?" ಎಂದು ಅವನು ನಿಂತಲ್ಲೇ ಕೇಳಿದ.

ಎಂಬತ್ತೆರಡರ ಯುಗಾದಿಗೆ ಒಮ್ಮೆ ಜಾರಿದ. ಯುಗಾದಿಯಂದು ಊರಿಗೆ ಊರೇ ಜೂಜಾಡುತ್ತದೆ, ಯಾರೂ ತಪ್ಪೆನ್ನುವುದಿಲ್ಲ. ಮಾರನೆಯ ದಿನ ಬಂದು ತಲೆ ತಗ್ಗಿಸಿ ಹೇಳಿದ. "ಇವತ್ತು ಬಂದ್ಯಲ್ಲ, ಹೊಸಿ" ಎಂದಳು ಈರಕ್ಕ.

ಆ ವರ್ಷವೇ ಮಗಳು ಮಲ್ಲಿಕಾಂಬಳಿಗೆ ಗಂಡು ಗೊತ್ತಾಯಿತು. ಚೌಳಹಿರಿಯೂರಿನ ರೇವಣಪ್ಪನವರ ಕಿರಿಯ ಮಗ. ಹುಡುಗ ಹುಡುಗಿ ಒಪ್ಪಿದ್ದರು. ನಿಶ್ಚಿತಾರ್ಥದ ದಿನ ತಾಂಬೂಲ ಬದಲಾಗುವ ಹೊತ್ತಿಗೆ ರೇವಣಪ್ಪ ಗಂಟಲು ಸರಿಮಾಡಿಕೊಂಡರು. ಬೀಗರೇ ಎಂದು ಕರೆಯುವ ಗಳಿಗೆ ಅವರ ಪಾಲಿಗೆ ಇನ್ನೂ ಬಂದಿರಲಿಲ್ಲ.

"ನೋಡಿ ಟೈಲರ್ರೇ, ನಿಮ್ಮ ವಿಷ್ಯ ಕೇಳಿದೀವಿ. ಮಗಳ ತಲೆ ಮುಟ್ಟಿ, ಇನ್ಮೇಲೆ ಆಡಲ್ಲ ಅಂತ ಒಂದು ಆಣೆ ಇಟ್ಬಿಡಿ. ತಾಂಬೂಲ ತಗೊಳ್ಳೋಣ."

ಎಷ್ಟು ಸುಲಭದ ಮಾತು! ಒಂದು ಸುಳ್ಳು ಹೇಳಿದರೆ ಮಗಳ ಮದುವೆ ನಿಲ್ಲುತ್ತಿರಲಿಲ್ಲ. ಮಲ್ಲಿಕಾಂಬ ತಾನೇ ಮುಂದೆ ಬಂದು ತಲೆ ಬಾಗಿಸಿ ನಿಂತಳು. ಪಂಚಾಕ್ಷರಪ್ಪ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಇಡಲ್ಲ. ಈ ಯುಗಾದೀಲಿ ಒಂದು ಸಲ ಆಡಿದೀನಿ. ಅವತ್ತಿಂದ ಇವತ್ತಿನವರೆಗೂ ಆಡಿಲ್ಲ. ನಾಳೆ ವಿಷ್ಯ ನಂಗೊತ್ತಿಲ್ಲ. ಗೊತ್ತಿಲ್ದಿರೋದ್ಕೆ ನನ್ ಮಗಳ ತಲೆ ಮುಟ್ಟಲ್ಲ."

ಯುಗಾದಿಯ ಸಂಗತಿ ಸಾವಿತ್ರಮ್ಮನಿಗೂ ಗೊತ್ತಿರಲಿಲ್ಲ. ಆಕೆಯ ಮುಖ ಕಪ್ಪಿಟ್ಟಿತು. ಹಿರಿಯರೊಬ್ಬರು "ಇಡಯ್ಯಾ, ಹಟ ಯಾಕೆ" ಎಂದು ಗದರಿದರು. ಅಷ್ಟರಲ್ಲಿ ರೈಲು ಕೂಗಿತು. ಪಂಚಾಕ್ಷರಪ್ಪ ಎದ್ದು ಹೆಗಲ ಮೇಲೆ ಟವಲು ಹಾಕಿಕೊಂಡ. "ನಾಕ್ ಗಂಟೆ ಆಯ್ತು, ಹೋಗ್ಬೇಕು" ಎಂದವನೇ ಎಲ್ಲರ ನಡುವೆಯೇ ದಾಟಿಕೊಂಡು ಹೊರಟುಹೋದ.

"ನಿಶ್ಚಿತಾರ್ಥ ಬಿಟ್ಟು ಎಲ್ಲಿಗ್ರೀ ಹೊರಟ ಈ ಮನುಷ್ಯ?" ಎಂದರು ರೇವಣಪ್ಪ.

ಸಾವಿತ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಹಗ್ಗ ಹೊಸಿಯೋಕೆ. ಹಿಂದೇನೆ ಹೋಗಿ ನೋಡಿ ಬೇಕಾದ್ರೆ. ಮೂರು ಸಲ ನನ್ನ ತಲೆ ಮುಟ್ಟಿ ಆಣೆ ಇಟ್ರು, ಮೂರೂ ಸುಳ್ಳು. ಇವತ್ತು ಇಡಲ್ಲ ಅಂದ್ರಲ್ಲ, ಅದೊಂದು ನಿಜ. ಆಣೇನೇ ಬೇಕು ಅಂದ್ರೆ ನಿಮ್ಮ ತಾಂಬೂಲ ನೀವೇ ತಗೊಂಡ್ಹೋಗಿ."

ರೇವಣಪ್ಪ ನಿಜವಾಗಿಯೂ ಹಿಂದೆಯೇ ಹೋದರು. ಈರಕ್ಕನ ಅಂಗಳದಲ್ಲಿ ಪಂಚಾಕ್ಷರಪ್ಪ ನಿಶ್ಚಿತಾರ್ಥದ ಹೊಸ ಪಂಚೆ ಎತ್ತಿಕಟ್ಟಿ ನಾರು ಹೊಸೆಯುತ್ತಿದ್ದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕೈ ಮಾತ್ರ ನಿಂತಿರಲಿಲ್ಲ.

"ನಿಂತ್ಕೊಂಡು ಏನ್ ನೋಡ್ತೀರಿ, ಆ ತುದಿ ಹಿಡ್ಕೊಳಿ" ಎಂದಳು ಈರಕ್ಕ. ರೇವಣಪ್ಪ ಹಿಡಿದರು. ಆಮೇಲೆ ನೆಲ ನೋಡುತ್ತ ಕೇಳಿದರು: "ನಮ್ಮ ದೊಡ್ಡ ಮಗನ್ನ ಇಲ್ಲಿಗೆ ಕಳಿಸ್ಲೇನಮ್ಮ?"

"ಆಣೆ ಇಡ್ಸಿದೀರಾ?"

"ಐದು ಸಲ. ಅವರವ್ವನ ತಲೆ ಮುಟ್ಸಿ."

ಈರಕ್ಕ ಇನ್ನೊಂದು ಹಿಡಿ ನಾರು ತೆಗೆದು ಪಕ್ಕಕ್ಕಿಟ್ಟಳು. ರೇವಣಪ್ಪ ಹಗ್ಗದ ತುದಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಪಂಚಾಕ್ಷರಪ್ಪನ ಕಡೆ ತಿರುಗಿದರು.

"ಇದನ್ನ ಎಷ್ಟೊತ್ತು ಹಿಡೀಬೇಕು, ಬೀಗರೇ?"

"ದೀಪ ಹಚ್ಚೋ ತನಕ" ಎಂದ ಪಂಚಾಕ್ಷರಪ್ಪ.